ಕೌದಿಯೊಳಗಿನ ಉತ್ತತ್ತಿ

ಬಿಸಿಲಿಗೆ ಹಾಕಿದ ಕೌದಿಯ ಬೆಚ್ಚನೆ ವಾಸನೆ ಇವತ್ತು ನನ್ನನ್ನು ಶಿರಹಟ್ಟಿಯ ಅಂಗಳಕ್ಕೆ ಕರೆದೊಯ್ಯಿತು. ಸ್ವಾತಂತ್ರ್ಯ ಬಂದ ಹೊಸತು. ತೀರಿಹೋಗಿದ್ದ ಲಕ್ಷ್ಮೇಶ್ವರದ ಅಜ್ಜಿಯ ಕೌದಿ ಹರಿದಿತ್ತು. ಅಂಥದ್ದೇ ಹೊಲಿಯಬೇಕೆಂದು ಅವ್ವನ ಹಟ. ನಮ್ಮೂರಲ್ಲಿ ಹೊಲಿಗೆ ನೆಟ್ಟಗೆ ಸಾಗುತ್ತಿತ್ತು, ಅಜ್ಜಿಯದು ನೀರಿನ ಸುಳಿಯಂತೆ ಸುತ್ತುತ್ತಿತ್ತು. ಅದರ ತುದಿಮೊದಲೇ ಅವ್ವನಿಗೆ ಸಿಗಲಿಲ್ಲ.

ಆ ಹರಿದ ಕೌದಿಯ ನಡುಮಧ್ಯೆ ತಲೆಯಿಟ್ಟು ಮಲಗಿದ್ದ ನನ್ನ ಕೆನ್ನೆಗೆ ಏನೋ ಒತ್ತಿತು.

“ಯವ್ವಾ, ಇಲ್ಲೇನೋ ಗಟ್ಟಿ ಐತಿ.”

ಅವ್ವ ಮುಟ್ಟಿದಳು. ಕಣ್ಣು ತುಂಬಿ ಬಂತು. “ಉತ್ತತ್ತಿ ಬೀಜಲೇ ಇದು! ಕೌದಿ ಹಸದಿರಬಾರದಂತ ಕಡೀ ಹೊಲಿಗಿ ಹಾಕೂ ಮುಂದ ನಮ್ಮವ್ವ ಉತ್ತತ್ತಿ ಇಡ್ತಿದ್ಲು. ಇಲ್ಲೇ ಮುಗಿಸ್ಯಾಳ ನೋಡು.”

ಅಲ್ಲಿಂದ ಅವ್ವನ ಬೆರಳು ದಾರದ ಮೇಲೆ ಹಿಮ್ಮುಖವಾಗಿ ಸುತ್ತುತ್ತ ಸುತ್ತುತ್ತ ಅಂಚಿಗೆ ಬಂತು. ಮೊದಲ ಹೊಲಿಗೆ ಅಲ್ಲಿತ್ತು.

ಇವತ್ತು ಬಿಸಿಲಲ್ಲಿರುವುದು ಅವ್ವ ಹೊಲಿದ ಕೌದಿ. ಅವಳೂ ಈಗಿಲ್ಲ. ನಡುಮಧ್ಯೆ ಕೈಯಾಡಿಸಿದೆ, ಬೀಜ ಅಲ್ಲೇ ಇತ್ತು.