ಯಾರೂ ಬೀಳದ ಲಾಂಡ್ರಿ

ಬೆಳ್ಳಗಿರೋದೆಲ್ಲ ಹಾಲಲ್ಲ ಎಂಬುದನ್ನು ದೊಡ್ಡಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಬೆಡ್‌ಶೀಟ್ ಒಗೆದವಳು ಅವಳು. ಹೊಸ ಸೋಪು ಬಂದರೆ ಮೂಸಿ ನೋಡುವಳು. ಸೂಪರ್‌ವೈಸರ್ ನಕ್ಕು ಮಾತಾಡಿಸಿದರಂತೂ ಆ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಲ್ಲಿನ ನೆಲದ ಮೇಲೆ ಸದಾ ಸೋಪುನೀರು. ಹೆಂಗಸರು ಜಾರಿ ಬೀಳುವುದು ಮಾಮೂಲು. ಯಾರಾದರೂ ಬಿದ್ದರೆ ಪಕ್ಕದ ಇಬ್ಬರು ತಟ್ಟನೆ ಒಂದು ಬೆಡ್‌ಶೀಟನ್ನು ಅಗಲಕ್ಕೆ ಹಿಡಿದು ಕೊಡವತೊಡಗುವರು. ಆ ಮರೆಯಲ್ಲಿ ಬಿದ್ದವಳು ಎದ್ದುಬಿಡಬೇಕು, ಸೂಪರ್‌ವೈಸರ್‌ಗೆ ಸುಳಿವು ಸಿಗಬಾರದು. ಹಿಂದೊಮ್ಮೆ ಸೊಂಟ ಮುರಿದುಕೊಂಡವಳೊಬ್ಬಳನ್ನು ‘ಆರಾಮಾಗಿರಮ್ಮ’ ಎಂದು ಮನೆಗೆ ಕಳಿಸಿದವರು ಮತ್ತೆ ಕೆಲಸಕ್ಕೆ ಕರೆದಿರಲಿಲ್ಲ. ಆಮೇಲೆ ಈ ಕಟ್ಟಳೆ ಮಾಡಿದವಳೇ ದೊಡ್ಡಕ್ಕ. ಅವಳೂ ಪಕ್ಕದ ತೊಟ್ಟಿಯಲ್ಲಿ ಒಗೆಯುವ ಅವಳ ನಾದಿನಿಯೂ ದುಡಿದರೇ ಅವರ ಮನೆಯ ಒಲೆ ಉರಿಯುತ್ತಿದ್ದದ್ದು.

ಅಂಥಲ್ಲಿಗೆ ಮೂಳೆಯ ಸಂಶೋಧನೆ ಅಂತ ಒಬ್ಬ ಹುಡುಗಿ ಬಂದಳು. ಹಿಮ್ಮಡಿ ಇಟ್ಟರೆ ಮೂಳೆಯ ಗಟ್ಟಿತನ ಹೇಳುವ ಪುಟ್ಟ ಯಂತ್ರ, ಜೊತೆಗೊಂದು ಪ್ರಶ್ನೆಪಟ್ಟಿ. ದಿನಕ್ಕೆಷ್ಟು ನಡೀತೀರಿ, ಎಷ್ಟು ಭಾರ ಎತ್ತುತ್ತೀರಿ, ಹೋದ ವರ್ಷ ಎಷ್ಟು ಸಲ ಬಿದ್ದಿರಿ?

“ನಾವು ಬಿದ್ರೆ ಇವಳಿಗೇನಂತೆ?” ದೊಡ್ಡಕ್ಕ ನಾದಿನಿಯ ಕಿವಿಯಲ್ಲಿ ಪಿಸುಗುಟ್ಟಿದಳು. “ಮೂಳೆ ನೋಡೋ ನೆಪದಲ್ಲಿ ಯಾರನ್ನ ಮನೆಗೆ ಕಳಿಸೋದು ಅಂತ ನೋಡ್ತಿದ್ದಾರೆ. ಎಲ್ರಿಗೂ ಹೇಳು, ಸೊನ್ನೆ ಅನ್ನಿ.”

ಹದಿನೆಂಟು ಹೆಂಗಸರೂ ಸೊನ್ನೆ ಅಂದರು. ಒಬ್ಬಳಂತೂ ಮಂಡಿಗೆ ಪಟ್ಟಿ ಸುತ್ತಿಕೊಂಡೇ ಅಂದಳು. ಹುಡುಗಿ ಒದ್ದೆ ನೆಲ ನೋಡಿದಳು, ಮಂಡಿ ನೋಡಿದಳು, ಸೊನ್ನೆಯನ್ನೇ ಬರೆದುಕೊಂಡಳು. ಅದನ್ನು ಕಂಡು ದೊಡ್ಡಕ್ಕನ ಅನುಮಾನ ಇನ್ನಷ್ಟು ಬಲಿಯಿತು.

ಮೂರು ತಿಂಗಳ ಮೇಲೆ ಹುಡುಗಿ ಮತ್ತೆ ಬಂದಳು. ನಾದಿನಿಯನ್ನು ಕರೆದು, “ನಿಮ್ಮ ಮೂಳೆ ತುಂಬಾ ಸವೆದಿದೆ. ಡಾಕ್ಟರಿಗೆ ತೋರಿಸ್ಕೊಳ್ಳಿ, ಬೀಳದ ಹಾಗೆ ಇರಿ” ಅಂದಳು. ನಾದಿನಿ ತಲೆಯಾಡಿಸಿ ತೊಟ್ಟಿಯ ಕಡೆ ಹೋದಳು.

“ಬೀಳದ ಹಾಗೆ ಇರೋದು ನಮ್ಮ ಕೈಲಿದ್ಯಾ?” ದೊಡ್ಡಕ್ಕ ಕುಟುಕಿದಳು.

“ನಮ್ಮ ಲೆಕ್ಕ ನೋಡಿ ಆಸ್ಪತ್ರೆಯೋರು ಜಾರದ ನೆಲಹಾಸು ಒಂದೇ ವಿಭಾಗಕ್ಕೆ ಮಂಜೂರು ಮಾಡಿದ್ರು ಅಕ್ಕ. ಅಡುಗೆಮನೆಯೋರು ಇಪ್ಪತ್ತೆರಡು ಸಲ ಬಿದ್ದಿದ್ದೀವಿ ಅಂದ್ರು, ಅಲ್ಲಿಗೆ ಹೋಯ್ತು. ನಿಮ್ಮಲ್ಲಿ ಯಾರೂ ಬಿದ್ದೇ ಇಲ್ವಲ್ಲ.”

“ಬಿದ್ದೋರನ್ನ ಕೆಲಸದಿಂದ ತೆಗೀಲಿಲ್ವಾ?”

“ಎಷ್ಟು ಸಲ ಅಂತ ಮಾತ್ರ ಹೇಳ್ತೀವಿ, ಅವರಿಗೆ ನಾವು ಹೆಸರೇ ಕೊಡಲ್ಲ. ಯಾರನ್ನ ಅಂತ ತೆಗೀತಾರೆ?”

ಇದೂ ಒಂದು ಬಲೆಯಿರಬಹುದೇ ಎಂದು ದೊಡ್ಡಕ್ಕ ಹುಡುಗಿಯ ಮುಖವನ್ನೇ ನೋಡುತ್ತಿರುವಾಗ ಹಿಂದೆ ಧೊಪ್ಪೆಂದಿತು. ನಾದಿನಿ ಬಿದ್ದಿದ್ದಳು. ದೊಡ್ಡಕ್ಕನ ಕೈ ತಾನಾಗಿಯೇ ಬೆಡ್‌ಶೀಟಿನ ತುದಿ ಹಿಡಿಯಿತು, ಇನ್ನೊಂದು ತುದಿಯನ್ನು ಮಂಡಿಪಟ್ಟಿಯವಳು ಹಿಡಿದಳು. ಇಬ್ಬರೂ ಕೊಡವಿದರು. ನಾದಿನಿ ಏಳಲಿಲ್ಲ.

“ಅತ್ತಿಗೆ, ಸೊಂಟ... ಆಗ್ತಿಲ್ಲ...”

ಬಾಗಿಲಲ್ಲಿ ಸೂಪರ್‌ವೈಸರ್ ಬೂಟಿನ ಸದ್ದು. ದೊಡ್ಡಕ್ಕನ ಕೈ ಭಯಕ್ಕೆ ಕೊಡವುತ್ತಲೇ ಇತ್ತು. ಇಬ್ಬರ ಕೆಲಸವೂ ಹೋದರೆ ಗತಿಯೇನು? ಆದರೆ ಕಾಲಡಿಯ ನರಳಾಟ ನಿಲ್ಲಲಿಲ್ಲ. ಆ ಸೊನ್ನೆಯನ್ನು ಹೇಳಿಸಿದವಳು ತಾನೇ. ಅವಳು ಬೆಡ್‌ಶೀಟ್ ಬಿಟ್ಟಳು.

“ನನ್ನ ನಾದಿನಿ ಬಿದ್ದಿದ್ದಾಳೆ ಸಾರ್, ಸ್ಟ್ರೆಚರ್ ತರಿಸಿ. ಹೋದ ವಾರ ನಾನೂ ಬಿದ್ದಿದ್ದೆ.”

ಆಮೇಲೆ ಹುಡುಗಿಯ ಕಡೆ ತಿರುಗಿದಳು. ಅವಳ ಮೇಲಾಗಲಿ ಸೂಪರ್‌ವೈಸರ್ ಮೇಲಾಗಲಿ ದೊಡ್ಡಕ್ಕನಿಗೆ ಆಗಲೂ ನಂಬಿಕೆ ಹುಟ್ಟಿರಲಿಲ್ಲ.

“ಬರ್ಕೊಳಮ್ಮ. ಈ ವರ್ಷ ನಾನೊಬ್ಳೇ ಎಂಟು ಸಲ ಬಿದ್ದಿದ್ದೀನಿ. ಇವ್ರೆಲ್ಲ ಸುಳ್ಳು ಹೇಳಿದ್ದು ನನ್ನ ಮಾತು ಕೇಳಿ.”

ಹಾಗೆಂದವಳೇ ಸೋಪುನೀರಲ್ಲಿ ಕುಸಿದು ಕೂತು ನಾದಿನಿಯ ಕೈ ಹಿಡಿದುಕೊಂಡು ಅತ್ತುಬಿಟ್ಟಳು.