ಗಂಗೂ ಮೌಶಿಯ ಉಡಿ ಅಕ್ಕಿ

ಭತ್ತದ ರಾಶಿ ಕಂಡರೆ ಗಂಗೂ ಮೌಶಿ ಮೊಣಕೈವರೆಗೂ ಕೈ ತೂರಿಸಿ, ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ಮುಖ ಮಾಡಿ ನಿಲ್ಲುತ್ತಿದ್ದರು. ಒಳಗೆ ಬಿಸಿ ತಗಲಿತೋ, ಕೂಗು: "ಜ್ವರಾ ಬಂದೈತಿ, ಲಗೂನ ಹರವರ್ರಿ! ಇಲ್ಲಂದ್ರ ಅಕ್ಕಿ ಕಾಮಣಿ ಆಗಿ ಹಳದಿ ಬೀಳತೈತಿ!"

ಎಂಬತ್ತರ ದಶಕ. ಮಹಾರಾಷ್ಟ್ರದ ಗಡಿಯ ಏಕಸಂಬಿಯಲ್ಲಿ ನಮ್ಮದು ಅವರ ಪಕ್ಕದ ಬಾಡಿಗೆ ಮನೆ; ಓಣಿಗೆಲ್ಲ ಅವರು ಮೌಶಿ, ಅಂದರೆ ಚಿಕ್ಕಮ್ಮ. ಕಾನ್ವೆಂಟಿನಲ್ಲಿ ಓದಿ ಬಂದ ನನಗೆ ಅಕ್ಕಿ ಎಂದರೆ ಜಸ್ಟ್ ಅಕ್ಕಿ. ಮೌಶಿ ಅದನ್ನು ಕರಿ ಕಂಬಳಿಯ ಮೇಲೆ ಹರವಿ ಹಳದಿ ಕಾಳು, ಚುಕ್ಕೆ ಕಾಳು ಹೆಕ್ಕುತ್ತಿದ್ದರು. ಓಣಿಯಲ್ಲಿ ಯಾವ ಹೆಣ್ಣುಮಗಳ ಉಡಿ ತುಂಬುವುದಿದ್ದರೂ ಅಕ್ಕಿ ಮೊದಲು ಆ ಕಂಬಳಿಗೆ ಬರಬೇಕು.

ಮಗಳು ಸುಮನ್‌ಳ ಮದುವೆ ಗೊತ್ತಾದ ವರ್ಷ, ಕಬ್ಬಿನ ನಡುವಿನ ಅವರ ತುಂಡು ಗದ್ದೆಯ ಭತ್ತ ಕೊಯ್ದು ಬಡಿದ ದಿನವೇ ಮಳೆ ಹಿಡಿಯಿತು. ಅವರ ಮೈದುನ ತಾಡಪತ್ರಿ ತಂದು ಹಸಿ ರಾಶಿಯ ಮೇಲೆ ಬಿಗಿಯಾಗಿ ಹೊದಿಸಿದ. ಮೌಶಿ ಕಿತ್ತೆಸೆದರು.

"ಹೊಚ್ಚಿ ಬೇಯಸ್ತೀ ಏನಪಾ? ಅಂಗಡಿ ಅಕ್ಕಿ ಉಡ್ಯಾಗ ಕಟಗೊಂಡು ನನ್ನ ಮಗಳು ಹೋಗಾಂಗಿಲ್ಲ!"

ಭತ್ತ ಒಳಗೆ ಬಂತು. ಪಡಸಾಲೆ, ಮಂಚ, ಕೊನೆಗೆ ನಮ್ಮ ಡ್ರಾಯಿಂಗ್ ರೂಮ್ ಕೂಡ ತುಂಬಿತು. ಬಿಸಿಲು ಬೀಳುವವರೆಗೂ ಮೌಶಿ ಕಾಲಿನಿಂದ ಕೆದರುತ್ತ ಓಡಾಡಿದರು. ಮುಂದೆ ಕುಟ್ಟಿಸಿ ಕಂಬಳಿಗೆ ಸುರಿದಾಗ ಅಕ್ಕಿ ಮಲ್ಲಿಗೆಯಂತಿತ್ತು.

ಸುಮನ್ ಹೊರಡುವಾಗ ಮುತ್ತೈದೆಯರು ಅದೇ ಅಕ್ಕಿಯಿಂದ ಉಡಿ ತುಂಬಿದರು. ಗಂಡನಿಲ್ಲದ ಮೌಶಿ ಬಾಗಿಲ ಹಿಂದೆ.

"ಮೌಶಿ, ನೀವ ಹಾಕ್ರಿ. ದಿಸ್ ಈಸ್ ನಾನ್‌ಸೆನ್ಸ್!" ಎಂದೆ.

"ನಿನ್ನ ಇಂಗ್ಲಿಷ್ ನಿನ್ನ ಹಂತ್ಯಾಕ ಇಟ್ಕೋ, ತಂಗಿ. ನನ್ನ ಕೈ ಅಕ್ಕಿತನಕ ಅಷ್ಟ. ಉಡಿತನಕ ಇಲ್ಲ."

ತೊಂಬತ್ತರ ದಶಕದಲ್ಲಿ, ಯಜಮಾನರಿಗೆ ಟ್ರಾನ್ಸ್‌ಫರ್ ಆಗಿ ಊರು ಬಿಡುವಾಗ, ಹೇಳಿ ಬರಲು ಹೋದೆ. ಮನೆಯಲ್ಲಿ ಮೌಶಿ ಒಬ್ಬರೇ. ಕಣ್ಣು ಮಂದವಾಗಿ, ಕಂಬಳಿಯ ಮೇಲಿನ ಅಕ್ಕಿಯನ್ನು ಬೆರಳಿನಿಂದ ತಡವುತ್ತಿದ್ದರು. ನಾನು ಸೆರಗೊಡ್ಡಿ ನಿಂತೆ. ಮುಷ್ಟಿ ತುಂಬಿಕೊಂಡರು. ಅದು ಸೆರಗಿನ ಮೇಲೆ ಬಂದು, ಅಲ್ಲೇ ನಿಂತಿತು.

"ನಿನ್ನ ಗಂಡ ಗಟ್ಟಿ ಇರ್ಲಿ ಬೇ," ಎಂದು ಕಂಬಳಿಗೇ ಸುರಿದುಬಿಟ್ಟರು. "ಹಳದಿ ಕಾಳ ಅದಾವೇನ ನೋಡು, ನನಗ ಕಾಣವಲ್ದು."

ಒಂದೂ ಇರಲಿಲ್ಲ. ಹಾಗೆಂದೆ. ಬರಿ ಸೆರಗಿನಲ್ಲೇ ಬಸ್ ಹತ್ತಿದೆ.

ಮೌಶಿ ಹೋಗಿ ಎಷ್ಟೋ ವರ್ಷವಾಯಿತು. ಯಜಮಾನರೂ ಈಗಿಲ್ಲ. ಮೊನ್ನೆ ಮೊಮ್ಮಗಳ ಉಡಿ ತುಂಬುವಾಗ ಕಪ್ಪು ಬಟ್ಟೆ ಹಾಸಿ ಅಕ್ಕಿ ಆರಿಸಿಕೊಟ್ಟೆ. ಆಮೇಲೆ, ಯಾರೂ ಹೇಳದಿದ್ದರೂ, ಬಾಗಿಲ ಹಿಂದೆ ಹೋಗಿ ನಿಂತೆ.