ಹುಲ್ಲಿನ ಹೊರೆಯ ಗಂಟು

ಬರವಣಿಗೆಯಲ್ಲಿ ನನ್ನದು ಪಳಗಿದ ಕೈಯಲ್ಲ. ಹೇಳುವ ಕ್ರಮದಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು. ಮೊನ್ನೆ ಗೌರಿಬಿದನೂರಿನ ಕಚೇರಿಯಲ್ಲಿ ಯಾರೋ ನೆಗಡಿಗೆಂದು ನೀಲಗಿರಿ ಎಣ್ಣೆಯ ಸೀಸೆ ತೆರೆದರು. ಆ ವಾಸನೆಗೆ ನಂದಿ ಬೆಟ್ಟದ ಕಾಡು ಕಾಯುತ್ತಿದ್ದ ಗಾರ್ಡು ನೆನಪಾದ. ಆತನ ಖಾಕಿ ಕೋಟು ಸದಾ ಹಾಗೆಯೇ ನಾರುತ್ತಿತ್ತು...

ನಮ್ಮ ಮನೆ ಬೆಟ್ಟದ ಬುಡದಲ್ಲಿತ್ತು. ಮಳೆಗಾಲಕ್ಕೆ ಮುನ್ನ ಸೂರಿಗೆ ಹೊದಿಸುವ ಹುಲ್ಲನ್ನು ಅಮ್ಮ ಬೆಟ್ಟದ ಇಳಿಜಾರಿನಲ್ಲಿ ಕೊಯ್ದು ತರುತ್ತಿದ್ದಳು. ಹಾಗೆ ಕೊಯ್ಯುವುದಕ್ಕೆ ನಿಷೇಧವಿತ್ತು. ಸಿಕ್ಕವರ ಕುಡುಗೋಲನ್ನು ಗಾರ್ಡು ಕಿತ್ತುಕೊಳ್ಳುತ್ತಿದ್ದ, ಹೊರೆಗಳನ್ನು ಸುಡುತ್ತಿದ್ದ. ಆದ್ದರಿಂದ ಹೆಂಗಸರು ಹೊರೆಗಳನ್ನು ಬಂಡೆಗಳ ಸಂದಿಯಲ್ಲಿ ಬಚ್ಚಿಟ್ಟು, ಸಮಯ ನೋಡಿ ಇಳಿಸುತ್ತಿದ್ದರು. ಒಂದೊಂದು ಮನೆಗೆ ಒಂದೊಂದು ಬಗೆಯ ಗಂಟು, ಅದೇ ಗುರುತು. ಯಾವ ಗಂಟು ಯಾರದೆಂದು ಆತ ಎಷ್ಟು ಗದರಿಸಿದರೂ ಊರಿನಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ನಾನು ಬಿ.ಎ. ಓದುತ್ತಿದ್ದ ವರ್ಷ ನಮ್ಮ ಉಪನ್ಯಾಸಕರು ತರಗತಿಯವರನ್ನೆಲ್ಲ ಬೆಟ್ಟ ನೋಡಲು ಕರೆತಂದರು. ದಾರಿ ತೋರಿಸಲು ಇದೇ ಗಾರ್ಡು ಬಂದ. ಅಮೃತ ಸರೋವರವನ್ನೂ ಟಿಪ್ಪು ಡ್ರಾಪಿನ ಪ್ರಪಾತವನ್ನೂ ನೋಡಿದೆವು. ಬೆಳಗಿನಿಂದ ಉಪನ್ಯಾಸಕರು ಎಲ್ಲರೆದುರು ನನ್ನ ಉಚ್ಚಾರಣೆಯನ್ನು ತಿದ್ದುತ್ತಲೇ ಇದ್ದರು. ಇಳಿಯುವಾಗ ಬಂಡೆಯ ಸಂದಿಯಲ್ಲೊಂದು ಹೊರೆ ಕಂಡಿತು. ಇಂತಹ ಗಂಟನ್ನು ತಾವೆಲ್ಲೂ ಕಂಡಿಲ್ಲವೆಂದು ಅವರು ಬಗ್ಗಿ ನೋಡಿದರು. ಅವರಿಗೆ ತಿಳಿಯದ್ದು ನನಗೆ ತಿಳಿದಿತ್ತು. ಕತ್ತಾಳೆ ನಾರನ್ನು ಎಡಕ್ಕೆ ಹೊಸೆದು, ಎರಡು ಸುತ್ತು ಹಾಕಿ, ತುದಿಯನ್ನು ಒಳಗೆ ಸಿಕ್ಕಿಸುವ ಕ್ರಮವನ್ನು ವಿವರಿಸಿ, ಇದು ನಮ್ಮ ಮನೆಯ ಪದ್ಧತಿಯೆಂದೂ ಸೇರಿಸಿದೆ.

ಗಾರ್ಡು ಬೀಡಿಯನ್ನು ತುಳಿದು ಆರಿಸಿದ.

"ಆರು ವರ್ಷದಿಂದ ಕೇಳ್ತಿದೀನಿ, ಒಬ್ರೂ ಹೇಳ್ಲಿಲ್ಲ. ಓದ್ಕೊಂಡಿರೋನು ನೀನು, ಚೆನ್ನಾಗ್ ಬಿಡಿಸಿ ಹೇಳ್ದೆ ಕಣಪ್ಪ."

ಸಂಜೆ ಆತ ಅದೇ ಗಂಟಿದ್ದ ಹೊರೆಗಳನ್ನೆಲ್ಲ ಹುಡುಕಿ ಹೊರಿಸಿ ತಂದು ನಮ್ಮ ಅಂಗಳದಲ್ಲಿಯೇ ಬೆಂಕಿಯಿಟ್ಟ. ಕುಡುಗೋಲನ್ನೂ ತೆಗೆದುಕೊಂಡ.

"ಮಳೆ ಬಂದ್ರೆ ಮಕ್ಳನ್ನ ಎಲ್ಲಿ ಮಲಗಿಸ್ಲಿ ಸ್ವಾಮಿ?" ಎಂದಳು ಅಮ್ಮ.

"ನಿನ್ ಮಗನ್ನೇ ಕೇಳಮ್ಮ."

ಅಮ್ಮ ನನ್ನ ಮುಖ ನೋಡಿದಳು.

ಗಾರ್ಡು ತೀರಿಕೊಂಡು ಬಹಳ ಕಾಲವಾಯಿತೆಂದು ಕೇಳಿದ್ದೇನೆ. ನಾನು ಮರುಗಲಿಲ್ಲ, ಇಂದಿಗೂ ಆತನನ್ನು ಕ್ಷಮಿಸಿಲ್ಲ. ಆದರೆ ಬೈಯಲು ಆತನೂ ಇಲ್ಲದ ಮೇಲೆ, ತಪ್ಪು ನನ್ನೊಬ್ಬನ ಪಾಲಿಗೇ ಉಳಿದಿದೆ. ಆ ವರ್ಷ ಸೂರು ಹೊದಿಸಲಾಗಲಿಲ್ಲ. ಮಳೆಗೆ ಮಣ್ಣಿನ ಗೋಡೆ ಕುಸಿಯಿತು. ನಾವು ನಂದಿಯನ್ನು ಬಿಟ್ಟು ಶಿಡ್ಲಘಟ್ಟದ ಸೋದರಮಾವನ ಮನೆ ಸೇರಿದೆವು. ಅಮ್ಮ ಅಲ್ಲಿ ರೇಷ್ಮೆಗೂಡಿನ ಬಿಸಿನೀರಿನಲ್ಲಿ ಕೈಯದ್ದಿ ನೂಲು ತೆಗೆಯುವ ಕೆಲಸಕ್ಕೆ ಕುಳಿತಳು. ಕೊನೆಯವರೆಗೂ ಅದನ್ನೇ ಮಾಡಿದಳು.